ಹುಡುಕುತ್ತಾ ಚರ್ಚಿನ ಹಿಂದಿನ ಬೆಂಚಿಗೆ ಬಂದವನ ಕೆಲವು ಪ್ರಶ್ನೆಗಳು

ತೋಟದವ (ತೀರ್ಥಹಳ್ಳಿ ಕಡೆ):

ವೇದಿಕೆಯ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಅಡಿಕೆ ಧಾರಣೆಯ ಬಗ್ಗೆ, ಎಲೆಚುಕ್ಕಿ ರೋಗದ ಬಗ್ಗೆ ಇಲ್ಲಿ ಹಲವು ಸಲ ಬರೆದಿದ್ದೇನೆ. ಈ ಸಲದ ವಿಷಯ ಬೇರೆ. ಮನೆಯಲ್ಲಿ ಹೇಳಲಾಗದೆ, ಊರಿನಲ್ಲಿ ಕೇಳಲಾಗದೆ ಉಳಿದ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಬರಹ ಉದ್ದವಾಗಿದೆ, ಕ್ಷಮಿಸಿ.

ನನಗೀಗ ನಲವತ್ತೊಂದು ವರ್ಷ, ಮದುವೆಯಾಗಿಲ್ಲ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ದುಡಿದು, ಎರಡು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಅಪ್ಪಯ್ಯ ತೀರಿಕೊಂಡ ಮೇಲೆ ಊರಿಗೆ ಮರಳಿದೆ. ಎಂಟು ಅಂಕಣದ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ ಇದ್ದೇವೆ. ತಮ್ಮ ಬೆಂಗಳೂರಿನಲ್ಲಿಯೇ ಉಳಿದಿದ್ದಾನೆ. ಬದುಕಿಗೆ ಏನಾದರೂ ಅರ್ಥವಿದೆಯೇ ಎಂಬ ಪ್ರಶ್ನೆ ನನಗೆ ಅಪ್ಪಯ್ಯನ ಸಾವಿನಿಂದ ಹುಟ್ಟಿದ್ದಲ್ಲ. ಅದು ಬೆಂಗಳೂರಿನಲ್ಲಿಯೇ, ಎಲ್ಲವೂ ಸರಿಯಾಗಿದ್ದ ಕಾಲದಲ್ಲಿಯೇ ಬೆನ್ನು ಹತ್ತಿತ್ತು. ಹತ್ತು ದಿನದ ಮೌನ ಶಿಬಿರಕ್ಕೆ ಎರಡು ಬಾರಿ ಹೋದೆ, ಉಪನಿಷತ್ತಿನ ಪ್ರವಚನಗಳನ್ನು ತಪ್ಪದೆ ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಯಾವುದೂ ಸುಳ್ಳೆನಿಸಲಿಲ್ಲ. ಆದರೆ ಶಿಬಿರ ಮುಗಿದ ಹನ್ನೊಂದನೆಯ ದಿನ ಬಸ್ಸಿನಲ್ಲಿ ಕೂತಾಗ, ಹತ್ತು ದಿನ ಪಕ್ಕದಲ್ಲಿಯೇ ಕುಳಿತಿದ್ದವನ ಹೆಸರೂ ನನಗೆ ಗೊತ್ತಿರಲಿಲ್ಲ.

ನಮ್ಮ ತೋಟದ ಬೇಲಿಯಾಚೆ ಕೊಂಕಣಿ ಕ್ರೈಸ್ತರ ಮನೆಯಿದೆ. ಆ ಮನೆಯ ಹಿರಿಯ ಹೆಂಗಸನ್ನು ಊರೆಲ್ಲ ಬಾಯಮ್ಮ ಎಂದು ಕರೆಯುತ್ತದೆ. ಅಪ್ಪಯ್ಯ ತೀರಿಕೊಂಡಾಗ ಸೂತಕದ ಮನೆಗೆ ಅವರು ಅನ್ನ ತರಲಿಲ್ಲ, ಏಕೆಂದರೆ ಅವರ ಮನೆಯ ಅಡುಗೆಯನ್ನು ನಾವು ಉಣ್ಣುವುದಿಲ್ಲವೆಂದು ಅವರಿಗೆ ಐವತ್ತು ವರ್ಷದಿಂದ ತಿಳಿದಿತ್ತು. ಒಂದು ಚಿಪ್ಪು ಬಾಳೆಹಣ್ಣು, ಒಂದು ತಂಬಿಗೆ ಹಾಲು ತಂದು ಜಗುಲಿಯ ಮೇಲಿಟ್ಟು, ಅಮ್ಮನ ಪಕ್ಕದಲ್ಲಿ ಮಾತಿಲ್ಲದೆ ಒಂದು ತಾಸು ಕುಳಿತು ಎದ್ದು ಹೋದರು. ಹದಿಮೂರು ದಿನವೂ ಹಾಗೆಯೇ ಬಂದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ ಎಂಬುದು ನನಗೆ ಹೊಳೆದದ್ದು ಹದಿನಾಲ್ಕನೆಯ ದಿನ.

ಅದೇ ವರ್ಷದ ನವೆಂಬರ್ 2ರಂದು, ಅವರ ಮಕ್ಕಳಿಬ್ಬರೂ ಕುವೈತಿನಲ್ಲಿರುವುದರಿಂದ, ಅವರನ್ನು ಚರ್ಚಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಅಂದು ಮೃತರ ಸ್ಮರಣೆಯ ದಿನ. ಹುಲ್ಲು ಸವರಿ, ಸಮಾಧಿಗಳಿಗೆ ಸೇವಂತಿಗೆ ಏರಿಸಿ, ಮೇಣದಬತ್ತಿ ಹಚ್ಚಿದ್ದರು. ಧರ್ಮಗುರುಗಳು ಸಾಲುಸಾಲಾಗಿ ನಡೆದು ಪವಿತ್ರ ಜಲ ಚಿಮುಕಿಸುತ್ತಿದ್ದರು. ಬಾಯಮ್ಮ ತಮ್ಮ ಗಂಡನ ಸಮಾಧಿಗೆ ಬತ್ತಿ ಹಚ್ಚಿ, ಇನ್ನೊಂದನ್ನು ನನ್ನ ಕೈಗಿಟ್ಟು, "ಇದು ನಿನ್ನ ಅಪ್ಪಯ್ಯನದು, ಎಲ್ಲಾದರೂ ಹಚ್ಚು ಮಗಾ" ಎಂದರು. ಕಾಂಪೌಂಡಿನ ಪಾಗಾರದ ಮೇಲೆ ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ, ಪರಿಚಯವೇ ಇಲ್ಲದ ಒಬ್ಬರು ಬಂದು ಗಾಳಿಗೆ ಅಡ್ಡವಾಗಿ ಅಂಗೈ ಹಿಡಿದು ನಿಂತರು.

ಅಂದಿನಿಂದ ಭಾನುವಾರ ತಪ್ಪಿಸಿದ್ದು ಕಡಿಮೆ. ಈಗ ತಿಂಗಳಿಗೊಮ್ಮೆ ಬೆಂಚು ಒರೆಸುವ ಸರದಿ ನನಗೂ ಇದೆ. ವಿನ್ಸೆಂಟ್ ದೆ ಪಾವ್ಲ್ ಸಭೆಯವರ ಜೊತೆ ಮೂರನೆಯ ಭಾನುವಾರ ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತೇನೆ. ಅಲ್ಲಿ ನನ್ನ ಹೆಸರು ಎಲ್ಲರಿಗೂ ಗೊತ್ತು; ಒಂದು ವಾರ ಕಾಣದಿದ್ದರೆ ಯಾರಾದರೊಬ್ಬರು ಫೋನು ಮಾಡುತ್ತಾರೆ.

ನನ್ನ ತೊಡಕು ಇಷ್ಟು. ಪೂಜೆಯ ನಡುವೆ ಎಲ್ಲರೂ ಎದ್ದು ನಿಂತು "ವಿಶ್ವಾಸಿಸುತ್ತೇನೆ" ಎಂದು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಅರ್ಧ ಸಾಲುಗಳಿಗೆ ನನ್ನ ಬಾಯಿ ಏಳುವುದಿಲ್ಲ. ಹೀಗಿರುವಾಗ ಅವರ ನಡುವೆ ಕೂರುವುದು ಪ್ರಾಮಾಣಿಕವೇ? ನನಗೆ ಸಿಕ್ಕಿದ್ದು ದೇವರೋ, ಬರೀ ಒಳ್ಳೆಯ ನೆರೆಹೊರೆಯೋ? ಕ್ರೈಸ್ತನಾಗಲು ಪಡೆಯುವ ದೀಕ್ಷಾಸ್ನಾನದ ಮಾತನ್ನು ಅಲ್ಲಿ ಯಾರೂ ಎತ್ತಿಲ್ಲ, ನನ್ನ ಮನಸ್ಸೇ ಎತ್ತುತ್ತಿದೆ. ಅಮ್ಮನಿಗೆ ಎಲ್ಲವೂ ಗೊತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಕ್ಷಕ್ಕೆ ಅಪ್ಪಯ್ಯನಿಗೆ ಎಡೆ ಇಡುವವರು ಯಾರು?"

ನಿವೃತ್ತ ಮೇಷ್ಟ್ರು (ಶಿಕಾರಿಪುರ):

ತಮ್ಮ ಬರಹವನ್ನು ಎರಡು ಸಲ ಓದಿದೆ. ವಯಸ್ಸಿನಲ್ಲಿ ಹಿರಿಯನೆಂಬ ಸಲುಗೆಯಿಂದ ಕೆಲವು ಮಾತು ಕಟುವಾಗಿ ಹೇಳುತ್ತೇನೆ, ಬೇಸರಿಸಬೇಡಿ.

ಅರ್ಥ ಹುಡುಕುವವರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ನಮ್ಮ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಮದ್ದಳೆ ನುಡಿಸುತ್ತಿದ್ದ ಅಲ್ಲಮ ಎಲ್ಲವನ್ನೂ ಬಿಟ್ಟು ಹೊರಟ. ಅಲ್ಲಿಗೆ ಸಮೀಪದ ಉಡುತಡಿಯಿಂದ ಅಕ್ಕ ಮನೆ ತೊರೆದು ನಡೆದಳು. ಇಬ್ಬರೂ ಒಂಟಿಯಾಗಿ ಹೊರಟವರು, ಕೊನೆಗೆ ಇಬ್ಬರೂ ಕಲ್ಯಾಣದಲ್ಲಿ ಶರಣರ ಸಂಗಕ್ಕೆ ಬಂದರು. ಸಂಗವಿಲ್ಲದೆ ಸಾಧನೆಯಿಲ್ಲ ಎಂಬುದನ್ನು ತಾವು ಹೊಸದಾಗಿ ಕಂಡುಕೊಂಡಂತೆ ಬರೆದಿದ್ದೀರಿ. ಹನ್ನೆರಡನೆಯ ಶತಮಾನದಲ್ಲಿಯೇ ಅದು ನಮ್ಮ ಮಣ್ಣಿನ ಮಾತಾಗಿತ್ತು.

ನಾನು ಕ್ರೈಸ್ತದ್ವೇಷಿಯಲ್ಲ. ನಲವತ್ತು ವರ್ಷದಿಂದ ನನ್ನ ಮೇಜಿನ ಮೇಲಿರುವ ನಿಘಂಟು 1894ರಲ್ಲಿ ಅಚ್ಚಾದ ಕಿಟೆಲ್ಲರದು, ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಗೋವೆಯಿಂದ ಬಂದ ಕೊಂಕಣಿ ಕ್ರೈಸ್ತರಿಗೆ ಕರಾವಳಿಯಲ್ಲಿ ಬೇಸಾಯಕ್ಕೆ ನೆಲೆ ಕೊಟ್ಟವರು ನಮ್ಮ ಕೆಳದಿಯ ಅರಸರೇ. ಆದರೆ ಮಲೆನಾಡಿನವರಿಗೆ ಮತಾಂತರವೆಂದರೆ ಕುವೆಂಪು ಅವರ 1967ರ ಕಾದಂಬರಿ 'ಮಲೆಗಳಲ್ಲಿ ಮದುಮಗಳು'ವಿನ ಬೆಟ್ಟಳ್ಳಿ ದೇವಯ್ಯ ಮತ್ತು ಅವನ ಬೀಸೆಕಲ್ಲು ನೆನಪಾಗದೆ ಇರುವುದಿಲ್ಲ. ಅವನನ್ನು ಸೆಳೆದದ್ದು ಬೈಸಿಕಲ್ಲು, ತಮ್ಮನ್ನು ಸೆಳೆದದ್ದು ಒಂದು ಮೇಣದಬತ್ತಿ ಮತ್ತು ಒಂದು ಅಂಗೈ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೂ ಕೇಳುತ್ತೇನೆ: ಅಂಗೈ ಹಿಡಿದವರ ಉಪಕಾರಕ್ಕೆ ಮನೆದೇವರನ್ನು ಬದಲಿಸಬೇಕೇ? ಕೃತಜ್ಞತೆಯನ್ನು ವಿಶ್ವಾಸವೆಂದು ತಪ್ಪಾಗಿ ತಿಳಿಯುವ ಅಪಾಯ ಇಲ್ಲಿದೆ. ತಮಗೆ ಬೇಕಾದ ಸಂಗವನ್ನು ಊರಿನಲ್ಲಿಯೇ ಕಟ್ಟಲು ತಾವೇನು ಪ್ರಯತ್ನ ಮಾಡಿದ್ದೀರಿ ಎಂದು ತಿಳಿಯುವ ಕುತೂಹಲ ನನಗಿದೆ.

ಹಳೇ ಊರಿನವ (ಭದ್ರಾವತಿ):

ಮೇಷ್ಟ್ರ ಪ್ರಶ್ನೆ ಸರಿಯಾಗಿದೆ, ಅದಕ್ಕೆ ಉತ್ತರಿಸಬೇಕಾದವರು ತೋಟದವರೇ. ನಾನು ಚರ್ಚಿನ ಒಳಗಿನಿಂದ ಕೆಲವು ಮಾತು ಹೇಳುತ್ತೇನೆ, ಏಕೆಂದರೆ ಎರಡು ವರ್ಷದ ಅತಿಥಿಗೆ ಕಾಣುವ ಚರ್ಚು ಬೇರೆ, ಹುಟ್ಟಿನಿಂದ ಇರುವವನಿಗೆ ಕಾಣುವ ಚರ್ಚು ಬೇರೆ.

1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಗೆ ದುಡಿಯಲು ಎಲ್ಲೆಲ್ಲಿಂದಲೋ ಜನ ಬಂದರು. ನನ್ನ ತಾತ ತಮಿಳು ಸೀಮೆಯಿಂದ ಬಂದವರು. ಆಮೇಲೆ ಕೇರಳದವರು ಬಂದರು, ಕೊಂಕಣಿಯವರು ಬಂದರು. ಹೀಗಾಗಿ ನಮ್ಮ ಊರಿನಲ್ಲಿ ಕ್ರೈಸ್ತರೆಂದರೆ ಒಂದು ಜನವಲ್ಲ. ಲ್ಯಾಟಿನ್ ಪದ್ಧತಿಯ ಕಥೋಲಿಕರು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿಗೆ, ಸೇರಿದವರು. ಅದು 1988ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಬೇರೆಯಾಯಿತು. ಮಲಯಾಳಿ ಸುರಿಯಾನಿ ಕಥೋಲಿಕರಿಗೆ 2007ರಲ್ಲಿ ಭದ್ರಾವತಿ ಹೆಸರಿನಲ್ಲಿಯೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಇದಲ್ಲದೆ 1947ರಲ್ಲಿ ಹಲವು ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆಯವರಿದ್ದಾರೆ, ಸ್ವತಂತ್ರ ಪ್ರಾರ್ಥನಾ ಮಂದಿರಗಳಿವೆ. ಯೇಸುವಿನ ಒಳ್ಳೆಯ ಸುದ್ದಿಯನ್ನು ಶುಭಸಂದೇಶವೆಂದು ಕರೆದರೆ ಕಥೋಲಿಕರು, ಸುವಾರ್ತೆಯೆಂದು ಕರೆದರೆ ಪ್ರಾಟೆಸ್ಟಂಟರು. ಒಂದು ಪದದಲ್ಲಿಯೇ ನಾವು ಒಬ್ಬರನ್ನೊಬ್ಬರು ಗುರುತಿಸಿಬಿಡುತ್ತೇವೆ.

ನಾನು ಚಿಕ್ಕವನಿದ್ದಾಗ ನಮ್ಮ ಚರ್ಚಿನಲ್ಲಿ ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂಬುದಕ್ಕೆ ಆದ ಜಗಳ ನೆನಪಿದೆ. ಇಬ್ಬರು ಹಿರಿಯರು ಸಾಯುವವರೆಗೂ ಮಾತು ಬಿಟ್ಟಿದ್ದರು. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸುತ್ತಿದ್ದರು. ಜಾತಿಯೂ ಚಪ್ಪಲಿಯ ಜೊತೆ ಹೊರಗೆ ಉಳಿಯುವುದಿಲ್ಲ, ಮದುವೆ ಮಾತುಕತೆಯ ಹೊತ್ತಿಗೆ ಅದು ಮೊದಲನೆಯ ಬೆಂಚಿನಲ್ಲಿಯೇ ಕೂತಿರುತ್ತದೆ.

ಹಾಗಾದರೆ ನಾನೇಕೆ ಹೋಗುತ್ತೇನೆ? ನಾನು ದುಡಿಯುತ್ತಿದ್ದ ಸಣ್ಣ ಮುದ್ರಣಾಲಯ ಮುಚ್ಚಿದಾಗ ಏಳು ತಿಂಗಳು ಕೆಲಸವಿರಲಿಲ್ಲ. ಆಗ ಮನೆಗೆ ಅಕ್ಕಿ ತಂದುಕೊಟ್ಟವರು, ನಮ್ಮ ತಂದೆಯ ಜೊತೆ ಭಾಷೆಯ ವಿಷಯಕ್ಕೆ ಮಾತು ಬಿಟ್ಟಿದ್ದ ಆ ಹಿರಿಯರ ಮಗ. ಕೊಟ್ಟು, ಕುಳಿತುಕೊಳ್ಳದೆ, ನಿಂತೇ ಹೋದರು. ಇದನ್ನು ವಿಶ್ವಾಸ ಎನ್ನಬೇಕೋ ಬೇರೇನೆನ್ನಬೇಕೋ ನಾನು ಯೋಚಿಸಿಲ್ಲ. ತೋಟದವರೇ, ನಿಮಗೆ ಮಾತ್ರ ಹೇಳುವುದೇನೆಂದರೆ, ಇನ್ನೂ ಮೂರು ವರ್ಷ ಅಲ್ಲಿಯೇ ಇದ್ದು, ಯಾರಾದರೊಬ್ಬರ ಜೊತೆ ಒಮ್ಮೆ ಚೆನ್ನಾಗಿ ಜಗಳವಾಡಿ, ಆಮೇಲೂ ಭಾನುವಾರ ಹೋಗಬೇಕೆನಿಸಿದರೆ ಆಗ ದೀಕ್ಷಾಸ್ನಾನದ ಯೋಚನೆ ಮಾಡಿ.

ಸಾಕ್ಷಿ (ಸಾಗರ):

ಮೂರು ವರ್ಷ ಕಾಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಾನು ಸಾಗರದ ಒಂದು ಪ್ರಾರ್ಥನಾ ಮಂದಿರಕ್ಕೆ ಸೇರಿದವನು. ಕುಡಿತದಿಂದ ಮನೆ ಮಾರುವ ಹಂತಕ್ಕೆ ಹೋಗಿದ್ದವನನ್ನು ಒಂದು ರಾತ್ರಿಯ ಪ್ರಾರ್ಥನೆ ಹಿಡಿದು ನಿಲ್ಲಿಸಿತು. ಮರುವಾರವೇ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದೆ. ಅಂದಿನಿಂದ ಒಂಬತ್ತು ವರ್ಷ ಬಾಟಲಿ ಮುಟ್ಟಿಲ್ಲ. ತೋಟದವರು ಬೆಂಚು ಒರೆಸುವುದನ್ನೂ ನೆರೆಹೊರೆಯನ್ನೂ ದೊಡ್ಡದು ಮಾಡಿ ಬರೆದಿದ್ದಾರೆ, ಯೇಸುಸ್ವಾಮಿಯ ಹೆಸರು ಅವರ ಇಡೀ ಬರಹದಲ್ಲಿ ಒಮ್ಮೆಯೂ ಬಂದಿಲ್ಲ. ಸಭೆ ಇರುವುದು ಆತನಿಗಾಗಿ. ಅದನ್ನು ಬಿಟ್ಟರೆ ಉಳಿಯುವುದು ಸಂಘ, ಸಂಘಗಳು ಮಹಿಳಾ ಮಂಡಳಿಯಲ್ಲಿಯೂ ಇವೆ.

ನಿರ್ವಾಹಕರು:

ವಿಷಯ ಬಿಟ್ಟು ವ್ಯಕ್ತಿನಿಂದನೆಗೆ ಇಳಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಯಾರ ದೇವರು ದೊಡ್ಡವರು ಎಂಬುದು ಇಲ್ಲಿನ ಪ್ರಶ್ನೆಯಲ್ಲ.

ತೋಟದವ:

ಸಾಕ್ಷಿಯವರ ಮಾತು ನನಗೆ ನಾಟಿತು. ಬರಹವನ್ನು ಮತ್ತೆ ಓದಿ ನೋಡಿದೆ. ನಿಜ, ಆ ಹೆಸರು ಬಂದಿಲ್ಲ. ಮರೆತು ಬಿಟ್ಟದ್ದಲ್ಲ, ಸಂಕೋಚದಿಂದ ಬಿಟ್ಟದ್ದು. ಕಳೆದ ಶುಭ ಶುಕ್ರವಾರ, ಆತ ಶಿಲುಬೆ ಹೊತ್ತು ನಡೆದ ಕೊನೆಯ ದಾರಿಯನ್ನು ನೆನೆಯುವ ಶಿಲುಬೆ ಹಾದಿಯಲ್ಲಿ ಹದಿನಾಲ್ಕು ಸ್ಥಳಗಳಲ್ಲಿಯೂ ಮೊಣಕಾಲೂರಿದೆ. ಮೂರು ಕಡೆ ಆತ ಬೀಳುತ್ತಾನೆ. ದೇವರು ಬೀಳುವುದನ್ನು, ಬಿದ್ದವನ ಶಿಲುಬೆಗೆ ಹೊಲದಿಂದ ಮನೆಗೆ ಹೊರಟಿದ್ದ ಯಾರೋ ಒಬ್ಬ ದಾರಿಹೋಕ ಹೆಗಲು ಕೊಡುವುದನ್ನು ನಾನು ಅಲ್ಲಿಯವರೆಗೆ ಯಾವ ಪ್ರವಚನದಲ್ಲಿಯೂ ಕೇಳಿರಲಿಲ್ಲ. ಆ ದಾರಿಹೋಕನಿಗೆ ಆತ ಯಾರೆಂದು ಗೊತ್ತಿತ್ತೇ? ನನಗೆ ಅಷ್ಟು ದೂರದವರೆಗೆ ಮಾತ್ರ ಹೋಗಲು ಸಾಧ್ಯವಾಗಿದೆ.

ಆದರೆ ಅವಸರದ ವಿಷಯದಲ್ಲಿ ನನಗೊಂದು ಅನುಭವವಿದೆ. ಚರ್ಚಿಗೆ ಹೋಗಲು ಶುರುಮಾಡುವ ಮೊದಲು, ಬೇರೊಂದು ಊರಿನ ಪ್ರಾರ್ಥನಾ ಕೂಟಕ್ಕೆ ಗೆಳೆಯನೊಬ್ಬನ ಜೊತೆ ಎರಡು ಭಾನುವಾರ ಹೋಗಿದ್ದೆ. ಎರಡನೆಯ ವಾರವೇ ನನ್ನನ್ನು ಮುಂದೆ ನಿಲ್ಲಿಸಿ ಮೈಕು ಕೊಟ್ಟು, ನನ್ನ ಬದುಕಿನಲ್ಲಿ ಏನು ಬದಲಾಯಿತೆಂದು ಹೇಳಲು ಕೇಳಿದರು. ಏನೂ ಬದಲಾಗಿರಲಿಲ್ಲ. ಏನೋ ಒಂದು ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು, ಅಂದು ರಾತ್ರಿ ನಾಚಿಕೆಯಿಂದ ನಿದ್ದೆ ಬರಲಿಲ್ಲ. ಸಾಕ್ಷಿಯವರ ಒಂಬತ್ತು ವರ್ಷಗಳನ್ನು ನಾನು ಗೌರವಿಸುತ್ತೇನೆ. ನನಗೆ ಮೈಕಿಗಿಂತ ಬೆಂಚಿನ ಬಟ್ಟೆ ಹೊಂದುತ್ತದೆ.

ಮೇಷ್ಟ್ರೇ, ತಮ್ಮ ಪ್ರಶ್ನೆಗೆ ಉತ್ತರ: ಊರಿಗೆ ಬಂದ ಮೊದಲ ವರ್ಷವೇ ದೇವಸ್ಥಾನದ ಸಮಿತಿಗೆ ಸೇರಿದ್ದೆ. ಹನ್ನೊಂದು ಸಭೆಗಳಲ್ಲಿ ಎಂಟು ಸಭೆ ಗೋಪುರಕ್ಕೆ ಯಾವ ಬಣ್ಣ ಎಂಬುದರ ಮೇಲೆ ನಡೆಯಿತು. ಇದು ಧರ್ಮದ ದೋಷವಲ್ಲ, ನಮ್ಮ ದೋಷ. ಹಳೇ ಊರಿನವರು ಹೇಳಿದ ಭಾಷಾ ಜಗಳವನ್ನು ಓದಿದ ಮೇಲೆ, ಬಣ್ಣದ ಜಗಳವನ್ನು ಬಿಟ್ಟು ಬಂದದ್ದು ಆತುರವಾಯಿತೇನೋ ಎಂದೂ ಅನಿಸಿದೆ.

ಊರು ಬಿಟ್ಟವಳು (ಈಗ ಶಿವಮೊಗ್ಗ):

ನೀವು ಹೊಕ್ಕ ಬಾಗಿಲಿನಿಂದಲೇ ಹೊರಬಂದವಳು ನಾನು. ಘಟ್ಟದ ಮೇಲಿನ ಒಂದು ಚರ್ಚಿನ ಕೊಂಕಣಿ ಮನೆಯಲ್ಲಿ ಹುಟ್ಟಿದೆ. ಸಂಜೆ ಏಳಕ್ಕೆ ಜಪಸರ, ಭಾನುವಾರ ಪೂಜೆ, ಆಮೇಲೆ ಧರ್ಮೋಪದೇಶದ ತರಗತಿ. ಪ್ರತಿ ವಾಡೆಗೆ, ಅಂದರೆ ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿಗೆ, ಒಬ್ಬ ಗುರಿಕಾರ. ಯಾರ ಮನೆಯ ವಂತಿಗೆ ಬಾಕಿ, ಯಾರ ಮಗಳು ಯಾರ ಜೊತೆ ಬಸ್ಸಿನಲ್ಲಿ ಬಂದಳು, ಎಲ್ಲವೂ ಅವರ ಲೆಕ್ಕದಲ್ಲಿರುತ್ತಿತ್ತು. ಒಂದು ವಾರ ಕಾಣದಿದ್ದರೆ ಫೋನು ಬರುತ್ತದೆಂದು ನೀವು ಸಂತೋಷದಿಂದ ಬರೆದಿದ್ದೀರಿ. ನನಗೂ ಬರುತ್ತಿತ್ತು. ನಾನು ಬೇರೆ ಮತದವರನ್ನು ಮದುವೆಯಾದ ಮೇಲೆ ನಿಂತುಹೋಯಿತು. ಅಪ್ಪನ ಮಣ್ಣಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ, ಬಹುಶಃ ನೀವು ಕೂರುವಂಥದೇ ಜಾಗದಲ್ಲಿ, ಒಬ್ಬಳೇ ಕುಳಿತಿದ್ದೆ.

ನಿಮ್ಮ ಬಾಯಮ್ಮ ಹದಿಮೂರು ದಿನ ಜಗುಲಿಯಲ್ಲಿ ಕುಳಿತು ಹೋದರು, ಯಾರೂ ಒಳಗೆ ಕರೆಯಲಿಲ್ಲ ಎಂದು ಬರೆದಿದ್ದೀರಲ್ಲ, ಆ ಸಾಲಿನ ಮೇಲೆ ನನಗೆ ನಿಮ್ಮ ಮೇಲೆ ನಂಬಿಕೆ ಬಂತು. ಆದ್ದರಿಂದ ಒಂದು ಮಾತು ಕೇಳುತ್ತೇನೆ. ಸಮುದಾಯವೆಂಬುದು ಒಳಗಿದ್ದವರನ್ನು ಬೆಚ್ಚಗಿಡುವಾಗ ಬಾಗಿಲನ್ನೂ ಮುಚ್ಚಿಕೊಂಡಿರುತ್ತದೆ. ಮುಂದೆ ನೀವು ಪೂರ್ತಿಯಾಗಿ ಒಳಗಿನವರಾದರೆ ಹಿಂದಿನ ಬೆಂಚಿಗೆ ಬಂದು ಕೂರುವ ನನ್ನಂಥವಳ ಪಕ್ಕದಲ್ಲಿ ಕೂರುತ್ತೀರಾ?

ಇಷ್ಟು ಬರೆದೂ ಹೇಳಬೇಕಾದ್ದಿದೆ: ಸೆಪ್ಟೆಂಬರ್ 8ರ ತೆನೆಹಬ್ಬ ಬಂದರೆ ಇವತ್ತಿಗೂ ಬಾಯಲ್ಲಿ ಹೊಸ ಅಕ್ಕಿಯ ಪಾಯಸದ ರುಚಿ ಬರುತ್ತದೆ.

ವಕೀಲಿ ವೃತ್ತಿಯವ (ಶಿವಮೊಗ್ಗ):

ಭಾವನೆಯ ಮಾತು ಸಾಕಷ್ಟಾಯಿತು. ಹೆಜ್ಜೆ ಇಡುವವರು ತಿಳಿದಿರಬೇಕಾದ ಕೆಲವು ಒಣ ಸಂಗತಿಗಳಿವೆ.

ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯಿದೆಯ ಪ್ರಕಾರ ಮತಾಂತರವಾಗುವವರು ಕನಿಷ್ಠ 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗಳಿಗೆ ಘೋಷಣೆ ಸಲ್ಲಿಸಬೇಕಿತ್ತು, ಮತಾಂತರ ನೆರವೇರಿಸುವವರೂ ಪ್ರತ್ಯೇಕವಾಗಿ ತಿಳಿಸಬೇಕಿತ್ತು, ಆಕ್ಷೇಪಣೆ ಆಹ್ವಾನಿಸುವ ಕ್ರಮವೂ ಇತ್ತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ನೀವು ಯಾವ ತಿಂಗಳು ಹೆಜ್ಜೆ ಇಡುತ್ತೀರೋ ಆ ತಿಂಗಳು ಜಾರಿಯಲ್ಲಿರುವ ನಿಯಮವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಿರಿ. ಬಾಯಿಮಾತಿನ ಭರವಸೆ ನೆಚ್ಚಬೇಡಿ.

ತೋಟದ ವಿಷಯಕ್ಕೆ ಬಂದರೆ, ಮತ ಬದಲಿಸಿದ ಮಾತ್ರಕ್ಕೆ ನಿಮ್ಮ ಪಿತ್ರಾರ್ಜಿತ ಪಾಲು ಹೋಗುವುದಿಲ್ಲ. 1850ರ ಒಂದು ಹಳೆಯ ಕಾಯಿದೆಯಿಂದಲೇ ಆ ಅಂಶ ಇತ್ಯರ್ಥವಾಗಿದೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 26ನೆಯ ಕಲಮಿನ ಪ್ರಕಾರ, ಮತಾಂತರದ ನಂತರ ನಿಮಗೆ ಹುಟ್ಟುವ ಮಕ್ಕಳು, ಉತ್ತರಾಧಿಕಾರ ತೆರೆಯುವ ಹೊತ್ತಿಗೆ ಹಿಂದೂಗಳಾಗಿರದಿದ್ದರೆ, ನಿಮ್ಮ ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗಲಾರರು. ಈ ಚರ್ಚೆಯನ್ನು ಓದುತ್ತಿರುವ ಪರಿಶಿಷ್ಟ ಜಾತಿಯ ಗೆಳೆಯರಿಗೂ ಒಂದು ಮಾತು: 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದಕ್ಕೆ ಸೇರಿಸಲಾಯಿತು, ಕ್ರೈಸ್ತರನ್ನು ಸೇರಿಸಿಲ್ಲ. ತೋಟವಿರುವವರಿಗೆ ಆತ್ಮಸಾಕ್ಷಿಯ ಬೆಲೆ ಒಂದು ತೆರ, ಅವರಿಗೆ ಇನ್ನೊಂದು ತೆರ.

ಧರ್ಮೋಪದೇಶ ಕಲಿಸುವವಳು (ಹೊಸನಗರ):

ಊರು ಬಿಟ್ಟ ಅಕ್ಕನಿಗೆ ಮೊದಲು: ನಿಮಗೆ ಆದದ್ದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ. ಮತ್ತೆ ಬರುವುದಿದ್ದರೆ ನಮ್ಮ ಚರ್ಚಿಗೆ ಬನ್ನಿ, ಪಕ್ಕದಲ್ಲಿ ನಾನು ಕೂರುತ್ತೇನೆ.

ತೋಟದ ಅಣ್ಣ, ಕಥೋಲಿಕ ಸಭೆಯಲ್ಲಿ ವಯಸ್ಕರಿಗೆ ದೀಕ್ಷಾಸ್ನಾನವೆಂಬುದು ಒಂದು ದಿನದ ಕೆಲಸವಲ್ಲ. 1972ರಲ್ಲಿ ಹೊಸದಾಗಿ ಕ್ರಮಗೊಳಿಸಿದ ವಿಧಿಯ ಪ್ರಕಾರ ಮೊದಲು ವಿಚಾರಿಸುವ ಕಾಲವಿದೆ. ನೀವೀಗ ಇರುವುದು ಅಲ್ಲಿಯೇ, ಅದಕ್ಕೆ ಗಡುವಿಲ್ಲ. ಮುಂದುವರಿಯಬೇಕೆನಿಸಿದರೆ ಎಲ್ಲರ ಮುಂದೆ ನಿಮ್ಮನ್ನು ದೀಕ್ಷಾರ್ಥಿಯಾಗಿ ಸ್ವೀಕರಿಸುತ್ತಾರೆ, ಕಲಿಕೆ ಆಗ ಶುರುವಾಗುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಕೊನೆಯ ಸಿದ್ಧತೆಯ ಕಾಲ. ಪಾಸ್ಖ, ಅಂದರೆ ಈಸ್ಟರ್, ಜಾಗರಣೆಯ ರಾತ್ರಿ, ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ದೊಡ್ಡ ಮೇಣದಬತ್ತಿಯಿಂದ ಒಬ್ಬರಿಂದೊಬ್ಬರಿಗೆ ಬೆಳಕು ದಾಟಿಸಿದ ಮೇಲೆ, ಅದೇ ಪೂಜೆಯಲ್ಲಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರನ್ನೂ ಕೊಡುತ್ತಾರೆ. ಅಲ್ಲಿಯವರೆಗೆ ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಬೇಕಿದ್ದರೆ ಎದೆಯ ಮೇಲೆ ಕೈ ಮಡಚಿಕೊಂಡು ಸಾಲಿನಲ್ಲಿ ಹೋಗಿ, ಆಶೀರ್ವದಿಸುತ್ತಾರೆ. ನಂಬಲಾಗದ ಸಾಲುಗಳನ್ನು ಸುಮ್ಮನೆ ಹೇಳಬೇಡಿ. ಎದ್ದು ನಿಂತು ಕೇಳಿಸಿಕೊಳ್ಳಿ, ಅಷ್ಟು ಸಾಕು.

ಮೇಷ್ಟ್ರ ಆಕ್ಷೇಪಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದಿದೆ. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಿಂದಾಗಿ ಭಾರತದ ಪೂಜೆಯಲ್ಲಿ ಆರತಿಗೂ ಕೈ ಜೋಡಿಸುವುದಕ್ಕೂ ನೆಲದ ಮೇಲೆ ಕೂರುವುದಕ್ಕೂ ಅವಕಾಶವಾಯಿತು. ಆದ್ದರಿಂದ ಅಲ್ಲಮನನ್ನು ಓದುವುದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ, ಯಾರಾದರೂ ಹೇಳಿದರೆ ಅವರಿಗೆ ಗೊತ್ತಿಲ್ಲವೆಂದು ತಿಳಿಯಿರಿ.

ಇನ್ನು ಅಮ್ಮನ ಪ್ರಶ್ನೆ. ಇಲ್ಲಿ ಸಿಹಿ ಮಾತು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆ. ದೀಕ್ಷಾಸ್ನಾನವಾದ ಮೇಲೆ ಪಿಂಡ ಇಟ್ಟು ಶ್ರಾದ್ಧ ಮಾಡಲು ಆಗುವುದಿಲ್ಲ. ಆದರೆ ಸತ್ತವರನ್ನು ಮರೆಯುವ ಧರ್ಮ ನಮ್ಮದಲ್ಲ, ಪ್ರತಿ ಪೂಜೆಯಲ್ಲಿಯೂ ಅವರನ್ನು ನೆನೆಯುತ್ತೇವೆ. ಪೂಜೆಯನ್ನು ಯಾರ ಹೆಸರಿನಲ್ಲಿಯಾದರೂ ಇಡಿಸಬಹುದು, ಬದುಕಿದ್ದವರಿಗೂ ತೀರಿದವರಿಗೂ, ಅವರು ಕ್ರೈಸ್ತರಾಗಿರಬೇಕೆಂದೇನೂ ಇಲ್ಲ. ಇದು ಅಮ್ಮನಿಗೆ ಸಾಕಾಗುತ್ತದೆಯೇ ಎಂದು ಅಮ್ಮನನ್ನೇ ಕೇಳಬೇಕು.

ನಿವೃತ್ತ ಮೇಷ್ಟ್ರು:

ಗೋಪುರದ ಬಣ್ಣದ ಮಾತು ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಮ್ಮ ಊರಿನ ಸಮಿತಿಯಲ್ಲಿ ನಾನೇ ಹನ್ನೆರಡು ವರ್ಷದಿಂದ ಅಧ್ಯಕ್ಷ. ನನ್ನ ಅಭಿಪ್ರಾಯ ಬದಲಾಗಿಲ್ಲ. ತಾವು ಇದ್ದಲ್ಲಿಯೇ ಇದ್ದು ಸಂಗ ಕಟ್ಟಬೇಕೆಂದೇ ಈಗಲೂ ಅನ್ನುತ್ತೇನೆ. ಆದರೆ ನಮ್ಮ ಬೀದಿಯಲ್ಲಿ ಕಳೆದ ತಿಂಗಳು ತೀರಿಕೊಂಡವರ ಮನೆಗೆ ನಾನು ಒಂದೇ ದಿನ ಹೋಗಿ ಬಂದೆ ಎಂಬುದು ತಮ್ಮ ಬರಹ ಓದಿದಾಗಿನಿಂದ ನೆನಪಾಗುತ್ತಿದೆ.

ತೋಟದವ:

ಎಲ್ಲರ ಮಾತನ್ನೂ ಓದಿದೆ, ಕೆಲವನ್ನು ಅಮ್ಮನಿಗೂ ಓದಿ ಹೇಳಿದೆ. ಊರು ಬಿಟ್ಟವರ ಪ್ರಶ್ನೆಗೆ ಹೌದು ಎಂದು ಸುಲಭವಾಗಿ ಬರೆದುಬಿಡಬಹುದಿತ್ತು. ಹದಿಮೂರು ದಿನ ಒಬ್ಬರನ್ನು ಜಗುಲಿಯಲ್ಲಿ ಕೂರಿಸಿದವನು ನಾನು, ಆದ್ದರಿಂದ ಈಗಲೇ ಮಾತು ಕೊಡುವುದಿಲ್ಲ.

ಈ ತಿಂಗಳ 8ರಂದು ತೆನೆಹಬ್ಬವಾಯಿತು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮೇರಿ ಮಾತೆಗೆ ಅರ್ಪಿಸಿದರು, ಕೊನೆಯ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೊಂದರಂತೆ ಹಂಚಿದರು. ನನಗೂ ಒಂದು ಕೊಟ್ಟರು. ಮನೆಗೆ ತಂದು ಎಲ್ಲಿಡುವುದೆಂದು ತಿಳಿಯದೆ ಜಗುಲಿಯ ಕಂಬಕ್ಕೆ ಒರಗಿಸಿಟ್ಟೆ. ಸಂಜೆ ನೋಡಿದರೆ ಅಲ್ಲಿರಲಿಲ್ಲ. ಅಮ್ಮ ಅದನ್ನು ಒಳಗೆ ಒಯ್ದು, ಹೋದ ವರ್ಷ ನಾವು ಹೊಸತು ಕಟ್ಟಿದ್ದ ತೊಲೆಗೇ ಸಿಕ್ಕಿಸಿದ್ದರು. "ಭತ್ತಕ್ಕೆ ಯಾವ ಜಾತಿ" ಎಂದಷ್ಟೇ ಹೇಳಿ, ಅವರಲ್ಲಿ ಹೊಸ ಅಕ್ಕಿಯನ್ನು ಪಾಯಸಕ್ಕೆ ಹಾಕುವುದೋ ಹಾಲಿಗೆ ಹಾಕುವುದೋ ಎಂದು ವಿಚಾರಿಸಿದರು. ನನಗೆ ಗೊತ್ತಿರಲಿಲ್ಲ. ಬಾಯಮ್ಮನನ್ನು ಕೇಳಿ ಬರಲು ಅವರೇ ಬೇಲಿ ದಾಟಿ ಹೋದರು. ನಾನು ಕಂಡಂತೆ ಅಮ್ಮ ಆ ಮನೆಯ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಊಟ ಮಾಡಲಿಲ್ಲ, ಎಳನೀರು ಕುಡಿದು ಬಂದರು.

ಇದರಿಂದ ಅಮ್ಮ ಒಪ್ಪಿದರೆಂದು ನಾನು ತಿಳಿದಿಲ್ಲ, ನೀವೂ ತಿಳಿಯಬೇಡಿ. ಎಡೆಯ ಪ್ರಶ್ನೆ ಇದ್ದಲ್ಲೇ ಇದೆ. ಪೂಜೆ ಇಡಿಸುವ ವಿಷಯ ಹೇಳಿದಾಗ, "ಅವರು ಇಡಲಿ, ಬೇಡವೆನ್ನುವುದಿಲ್ಲ. ನೀನು ಇಡಬೇಕಾದ್ದನ್ನು ನೀನು ಇಡು" ಎಂದರು.

ನಿನ್ನೆ ಫಾದರ್ ಹತ್ತಿರ ಎಲ್ಲವನ್ನೂ ಹೇಳಿದೆ. ದೀಕ್ಷಾರ್ಥಿಯಾಗುವ ಮಾತನ್ನು ಅವರು ಮುಂದಕ್ಕೆ ಹಾಕಿದರು. ಈ ಪಕ್ಷಕ್ಕೆ ಅಮ್ಮನ ಜೊತೆ ಕುಳಿತು ಮಾಡಬೇಕಾದ್ದನ್ನು ಅರೆಮನಸ್ಸಿಲ್ಲದೆ ಮಾಡಿ ಬನ್ನಿ, ಆಮೇಲೆ ಕುಳಿತು ಮಾತಾಡೋಣ ಎಂದರು. ಮಹಾಲಯ ಅಮಾವಾಸ್ಯೆಗೆ ತಮ್ಮನೂ ಬರುತ್ತಾನೆ. ಅದಕ್ಕೆ ಮುಂಚಿನ ಭಾನುವಾರ ಬೆಂಚಿನ ಸರದಿ ನನ್ನದೇ ಇದೆ. ಮಳೆಗೆ ಹಿಂದಿನ ಮೂರು ಬೆಂಚುಗಳಿಗೆ ಬೂಷ್ಟು ಹಿಡಿದಿದೆ, ಬಿಸಿನೀರು ಬೇಕಾಗುತ್ತದೆ ಎಂದು ಹೇಳಿ ಕಳಿಸಿದ್ದಾರೆ.